ಹಬೆರಾಯರ ಆರಿದ ಒಲೆಗಳು

ಹಬೆರಾಯರು ಇಪ್ಪತ್ತೆಂಟು ವರ್ಷಗಳಲ್ಲಿ ಉರಿಯುವ ಬಾಯ್ಲರನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಟ್ಟವರಲ್ಲ. ಇದು ಅವರೇ ದಿನಕ್ಕೆರಡು ಸಲ ಹೇಳಿಕೊಳ್ಳುತ್ತಿದ್ದ ಮಾತಾದರೂ ಸುಳ್ಳಲ್ಲ. ಊರಿನ ಹೋಟೆಲು, ಆಸ್ಪತ್ರೆಗಳ ಹಾಸುಹೊದಿಕೆಗಳನ್ನೆಲ್ಲ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಕಳಿಸುವ ದೊಡ್ಡ ಲಾಂಡ್ರಿಯ ಹಿಂಬದಿಯಲ್ಲಿ, ತಗಡಿನ ಮಾಡಿನ ಕೆಳಗೆ, ಆನೆ ಗಾತ್ರದ ಉಕ್ಕಿನ ಪೀಪಾಯಿಯೊಂದು ಅಡ್ಡ ಮಲಗಿತ್ತು. ಅದು ಹಬೆ ಕೊಟ್ಟರೆ ಲಾಂಡ್ರಿ, ಕೊಡದಿದ್ದರೆ ಒದ್ದೆ ಬಟ್ಟೆಯ ಗುಡ್ಡ. ಅದರ ಮುಂದೆ ಕೈ ಮುರಿದ ಕುರ್ಚಿಯಲ್ಲಿ ಕೂತು, ಒತ್ತಡದ ಮುಳ್ಳನ್ನೂ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯನ್ನೂ ನೋಡುತ್ತ, ಗಂಟೆಗೊಮ್ಮೆ ಎರಡನ್ನೂ ದಪ್ಪ ಪುಸ್ತಕದಲ್ಲಿ ಬರೆಯುತ್ತ ರಾಜ್ಯಭಾರ ಮಾಡುತ್ತಿದ್ದವರು ನಮ್ಮ ರಾಯರು. ಹಬೆರಾಯರೆಂದು ಹೆಸರಿಟ್ಟವರು ಇಸ್ತ್ರಿ ವಿಭಾಗದ ಹೆಂಗಸರು. ಆ ಹೆಂಗಸರಲ್ಲಿ ಒಬ್ಬಾಕೆ ಅವರ ಹೆಂಡತಿ. ಗಂಡನ ಹಬೆಯಲ್ಲಿ ಪರರ ಚಾದರ ಮಟ್ಟ ಮಾಡುತ್ತ ಆಕೆಯೂ ಅಲ್ಲೇ ತಲೆ ನರೆಸಿಕೊಂಡಿದ್ದಳು.

ಈ ಸಿಂಹಾಸನಕ್ಕೆ ಒಂದು ಕಟ್ಟಳೆಯಿತ್ತು: ಬೆಂಕಿ ಇರುವಾಗ ಬಿಟ್ಟು ಏಳಕೂಡದು. ಶೌಚಾಲಯವೋ, ಮೂರು ಹಜಾರ ದಾಟಿ ಅಂಗಳದಾಚೆ. ಈ ಎರಡು ಸಂಗತಿಗಳನ್ನು ಕೂಡಿಸಿ ಬಾಯ್ಲರಿನವರ ಕುಲ ಹಿಂದಿನಿಂದಲೂ ಒಂದು ಉಪಾಯ ಕಂಡುಕೊಂಡಿತ್ತು. ಪಾಳಿ ಮುಗಿಯುವ ತನಕ ನೀರು ಕುಡಿಯದಿದ್ದರಾಯಿತು. ಕೆಲಸ ಕಲಿಸಿದ ಹಿರಿಯ, "ನೀರು ಬಾಯ್ಲರಿಗೆ, ಬೆವರು ನಿನಗೆ" ಎಂದು ಹೇಳಿಕೊಟ್ಟಿದ್ದ. ರಾಯರು ಅದನ್ನು ವ್ರತದಂತೆ ಪಾಲಿಸಿದರು. ಎಂಟು ತಾಸು ಒಂದು ಹನಿ ಇಲ್ಲ, ಒಂದು ಸಲ ಏಳುವುದಿಲ್ಲ. ಯುದ್ಧ ಗೆದ್ದವರು ಗಾಯ ತೋರಿಸುವಂತೆ ಅವರು ತಮ್ಮ ಬತ್ತಿದ ತುಟಿಗಳನ್ನು ತೋರಿಸುತ್ತಿದ್ದರು.

ಆ ಬೇಸಗೆಯಲ್ಲಿ ಎರಡನೇ ಪಾಳಿಯವನು ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡ. ರಾಯರು ನಾಲ್ಕು ದಿನ ಎರಡೂ ಪಾಳಿ ಒಬ್ಬರೇ ನಿಂತರು. ಸೊಂಟ ಹಿಡಿದಿತ್ತು. ನೋವಿನ ಮಾತ್ರೆಯನ್ನು ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಎರಡು ನುಂಗಿದರು, ಅದೂ ಬರೀ ಉಗುಳಿನಲ್ಲಿ. ಮೂರನೆಯ ರಾತ್ರಿ ಮನೆಯಲ್ಲಿ ಹೊಟ್ಟೆ ಕೆಟ್ಟು ಭೇದಿ ಹಿಡಿಯಿತು. ಆಗಲಾದರೂ ನೀರು ಕುಡಿಯಬೇಕೋ ಬೇಡವೋ? ಕುಡಿದರೆ ಏಳಬೇಕಾದೀತು ಎಂದು ಅವರು ಅದನ್ನೂ ಬಿಟ್ಟರು. ನಾಲ್ಕನೆಯ ದಿನ ಮಧ್ಯಾಹ್ನ ಪುಸ್ತಕದಲ್ಲಿ ಒತ್ತಡ ಬರೆದರು. ನೀರಿನ ಮಟ್ಟ ಬರೆಯುವ ಮುನ್ನ ಕುರ್ಚಿಯಿಂದ ಜಾರಿ ನೆಲ ಸೇರಿದರು. ಬಾಯ್ಲರಿನಲ್ಲಿ ನೀರು ಸರಿಯಾಗಿಯೇ ಇತ್ತು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಮೂಗಿಗೆ ಫಿನಾಯಿಲು, ಕೈಗೆ ಸೂಜಿ, ಕೆಳಗೆ ರಬ್ಬರಿನ ನಳಿಕೆ. ನಳಿಕೆಯ ತುದಿಗೆ, ಮಂಚದ ಪಕ್ಕದಲ್ಲಿ ಗೆರೆ ಹಾಕಿದ ಒಂದು ಪಾರದರ್ಶಕ ಚೀಲ. ಮೂತ್ರ ಅದರಲ್ಲಿ ಇಳಿಯಬೇಕು. ಇಳಿದದ್ದು ಚಹಾದ ಡಿಕಾಕ್ಷನ್ ಬಣ್ಣದ ನಾಲ್ಕು ಚಮಚ.

ಕಿಡ್ನಿ ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ನಡಿಗೆ ಚುರುಕು, ಮಾತು ಅದಕ್ಕಿಂತ ಚುರುಕು. ಬಳಲಿಹೋಗಿದ್ದ ಮೈಗೆ ಮೊದಲ ದಿನ ಬಾಟಲಿಗಟ್ಟಲೆ ಗ್ಲೂಕೋಸು, ಉಪ್ಪುನೀರು ಏರಿಸಿದಳು. ರಕ್ತದೊತ್ತಡ ಸರಿಹೋಯಿತು. ಮೂತ್ರ ಮಾತ್ರ ಬರಲಿಲ್ಲ. ಎರಡನೆಯ ದಿನ ಹೆಂಡತಿಯನ್ನು ಕರೆದು ಹೇಳಿದಳು:

"ನೋಡಮ್ಮ, ಎರಡೂ ಕಿಡ್ನಿ ಏಕಾಏಕಿ ಕೆಲಸ ನಿಲ್ಲಿಸಿವೆ. ಎದ್ದರೆ ಎರಡು ಮೂರು ವಾರದಲ್ಲಿ ಏಳುತ್ತವೆ. ತಿಂಗಳುಗಟ್ಟಲೆ ಏಳದೆ ಹೋದರೆ ಜೀವನಪೂರ್ತಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರಕ್ಕೆ ಹಾಕಬೇಕು. ಅಲ್ಲೀವರೆಗೆ ಇವರಿಗೆ ದಿನಕ್ಕೆ ಏಳುನೂರು ಮಿಲಿ ನೀರು. ಅದಕ್ಕಿಂತ ಒಂದು ಲೋಟನೂ ಜಾಸ್ತಿ ಇಲ್ಲ."

"ನೀರು ಕುಡಿಯದೇ ಹೀಗಾಯ್ತು ಅಂತೀರ, ಈಗ ನೀರು ಕೊಡಬೇಡಿ ಅಂತೀರ" ಎಂದಳು ಹೆಂಡತಿ.

"ನಿನ್ನೆವರೆಗೆ ಬೇಕಿತ್ತು. ಇವತ್ತು ಹೋಗೋ ದಾರಿ ಇಲ್ಲ. ಕುಡಿದಿದ್ದೆಲ್ಲ ಶ್ವಾಸಕೋಶದಲ್ಲಿ ನಿಲ್ಲುತ್ತೆ."

ವಾರಕ್ಕೆ ಮೂರು ಸಲ ಯಂತ್ರ ಎಂದರೆ ಬಾಯ್ಲರಿಗೆ ಶಾಶ್ವತ ನಮಸ್ಕಾರ. ರಾಯರು ಮಂಚದ ಅಂಚಿನಿಂದ ಕತ್ತು ಚಾಚಿ ಚೀಲ ನೋಡಿದರು. ಅಂದಿನಿಂದ ಅವರ ಜಗತ್ತೆಲ್ಲ ಆ ಚೀಲದೊಳಗೆ ಬಂದು ಕೂತಿತು. ಗಂಟೆಗೊಮ್ಮೆ ನೋಡಿ, ಹೆಂಡತಿಯ ಹಳೇ ಡೈರಿಯಲ್ಲಿ ಬರೆಯತೊಡಗಿದರು: ಹತ್ತು ಗಂಟೆ, ಮೂರು ಮಿಲಿ. ಹನ್ನೊಂದು ಗಂಟೆ, ಸೊನ್ನೆ. ಹನ್ನೆರಡು, ಸೊನ್ನೆ.

ಮೂರನೆಯ ದಿನ ರಂಗಪ್ರವೇಶ ಮಾಡಿದವನು ಭಾವಮೈದ. ಹೆಂಡತಿಯ ತಮ್ಮ, ವೃತ್ತಿಯಲ್ಲಿ ಕೊಳಾಯಿ ಕೆಲಸದವನು. ಪ್ರಪಂಚದಲ್ಲಿ ಕೆಟ್ಟದ್ದೆಲ್ಲ ಎಲ್ಲೋ ಒಂದು ಕಡೆ ಕಟ್ಟಿಕೊಂಡದ್ದರಿಂದಲೇ ಕೆಟ್ಟಿತೆಂದು ನಂಬಿದವನು. ಅವನು ಚೀಲವನ್ನು ಬೆರಳಿಂದ ತಟ್ಟಿ, ನಳಿಕೆಯನ್ನು ಎರಡು ಕಡೆ ಒತ್ತಿ, ಕಣ್ಣು ಮುಚ್ಚಿ ತೀರ್ಪು ಕೊಟ್ಟ.

"ಭಾವ, ಇದು ಬ್ಲಾಕು."

"ಸ್ಕ್ಯಾನ್ ಮಾಡಿದಾರಪ್ಪ. ಎಲ್ಲೂ ಕಟ್ಟಿಲ್ಲವಂತೆ."

"ಸ್ಕ್ಯಾನ್‌ನವರು ಮೋರಿಯೊಳಗೆ ಕೈ ಹಾಕಿದಾರಾ? ನಾನು ಹಾಕಿದೀನಿ, ಇಪ್ಪತ್ತು ವರ್ಷ. ಮೇಲಿಂದ ಒತ್ತಡ ಬಿದ್ದರೆ ಕೆಳಗಿಂದ ಬರಲೇಬೇಕು. ಏಳುನೂರು ಮಿಲಿಯಲ್ಲಿ ಹಲ್ಲುಜ್ಜಿದ ಸಿಂಕೂ ತೊಳಿಯಲ್ಲ."

"ಡಾಕ್ಟರಮ್ಮ ಬೈತಾಳೆ."

"ಆಮೇಲೆ ಬೈಲಿ. ಉಚ್ಚೆ ಬಂದಮೇಲೆ ಯಾರು ಬೈತಾರೆ?"

ರಾಯರ ನಾಲಿಗೆ ಆ ಹೊತ್ತಿಗೆ ಚಪ್ಪಲಿಯ ಅಟ್ಟೆಯಾಗಿತ್ತು. ಎಂಟು ತಾಸಿನ ವ್ರತವೀರರಿಗೆ ಒಂದು ಸತ್ಯ ಈಗ ಹೊಳೆಯಿತು. ಪಾಳಿಯ ಕೊನೆಯಲ್ಲಿ ತಂಬಿಗೆ ಕಾಯುತ್ತಿದೆ ಎಂದು ಗೊತ್ತಿದ್ದಾಗ ಬಾಯಾರಿಕೆ ತಡೆಯುವುದು ಬೇರೆ, ಪಾಳಿ ಯಾವಾಗ ಮುಗಿಯುತ್ತದೆಂದೇ ತಿಳಿಯದಾಗ ತಡೆಯುವುದು ಬೇರೆ. ಭಾವಮೈದ ಸಾಮಾನಿನ ಚೀಲದಲ್ಲಿ ಸ್ಪ್ಯಾನರುಗಳ ನಡುವೆ ಅಡಗಿಸಿ ತಂದಿದ್ದ ಎರಡು ಬಾಟಲಿಗಳನ್ನು ತೆಗೆದ. ಹೆಂಡತಿ ಬಾಗಿಲ ಬಳಿ ನಿಂತು ನರ್ಸಮ್ಮ ಬರುತ್ತಾಳೋ ಎಂದು ಕಾವಲು ಕಾದಳು. ಬೇಡ ಎನ್ನಬೇಕೆಂದು ಅವಳಿಗೆ ಅನಿಸಿತ್ತು. ಗಂಡ ಕಣ್ಣು ಮುಚ್ಚಿ ಗಟಗಟನೆ ಕುಡಿಯುವ ಸದ್ದು ಕೇಳಿ ಕಾರಿಡಾರಿನತ್ತ ಮುಖ ತಿರುಗಿಸಿದಳು. ಮಧ್ಯಾಹ್ನವಿಡೀ ಸ್ವಲ್ಪ ಸ್ವಲ್ಪವಾಗಿ ಎರಡು ಲೀಟರು ಒಳಗೆ ಹೋಯಿತು.

ಕೆಳಗೆ ಬಂದದ್ದು ಎಂಟು ಮಿಲಿ.

ಸಂಜೆ ಐದಕ್ಕೆ ರಾಯರು ದಿಂಬು ಎತ್ತರ ಮಾಡಿ ಎಂದರು. ಐದೂವರೆಗೆ ಎದ್ದು ಕೂತರು. ಆರಕ್ಕೆ ಮಂಚದ ಕಂಬಿ ಹಿಡಿದು ಮುಂದಕ್ಕೆ ಬಾಗಿ, ಮೀನಿನಂತೆ ಬಾಯಿ ಬಿಡತೊಡಗಿದರು. ಎದೆಯೊಳಗೆ ಕುದಿಯುವ ನೀರಿನಂತೆ ಗುಳುಗುಳು ಸದ್ದು. ಹೆಂಡತಿ ಹೊರಗೆ ಓಡಿದಳು. ನರ್ಸಮ್ಮ ಬಂದಳು, ಆಕ್ಸಿಜನ್ ಬಂತು, ಡಾಕ್ಟರಮ್ಮ ಬಂದಳು. ಮಂಚದ ಕೆಳಗೆ ಉರುಳಿದ್ದ ಖಾಲಿ ಬಾಟಲಿ ಅವಳ ಕಾಲಿಗೆ ತಗಲಿತು. ಅವಳು ಅದನ್ನು ಎತ್ತಿ ನೋಡಿದಳು. "ಡಯಾಲಿಸಿಸ್ ರೂಮಿಗೆ, ಈಗಲೇ" ಎಂದಷ್ಟೇ ಅಂದಳು. ಭಾವಮೈದ ಗೋಡೆಗೆ ಅಂಟಿಕೊಂಡು, ತಾನೇ ಒಂದು ಕೊಳವೆಯಾಗಿ ಗಾರೆಯೊಳಗೆ ಸೇರಿಹೋದರೆ ಸಾಕೆಂಬಂತೆ ನಿಂತಿದ್ದ.

ಯಂತ್ರ ಮೂರು ಗಂಟೆಯಲ್ಲಿ ಎರಡೂವರೆ ಲೀಟರು ನೀರು ತೆಗೆಯಿತು. ನಡುವೆ ಒಮ್ಮೆ ರಾಯರ ರಕ್ತದೊತ್ತಡ ಧೊಪ್ಪನೆ ಬಿತ್ತು. ಕಣ್ಣಿಗೆ ಕತ್ತಲೆ ಕವಿಯಿತು, ಯಂತ್ರ ಕೂಗಿಕೊಂಡಿತು, ಮತ್ತೆ ಸುಧಾರಿಸಿತು. ಜೀವ ಉಳಿಯಿತು.

ಮರುದಿನ ಬೆಳಗ್ಗೆ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತಳು. ಬೈಯುವವರು ಕೂರುವುದಿಲ್ಲ ಎಂದು ಬಲ್ಲ ರಾಯರು ಇನ್ನೂ ಹೆದರಿದರು.

"ನಿಮ್ಮ ಕೆಲಸ ಏನಂದ್ರಿ? ಬಾಯ್ಲರಾ?"

"ಹೌದಮ್ಮ."

"ಸರಿ, ಹಾಗಾದ್ರೆ ನಿಮಗೆ ತಿಳಿಯುತ್ತೆ." ಅವಳು ಲ್ಯಾಬಿನ ಚೀಟಿಯ ಹಿಂಬದಿ ಒಂದು ನಳಿಕೆ ಬರೆದಳು, ನಳಿಕೆಯ ಗೋಡೆಗೆ ಇಟ್ಟಿಗೆಯಂತೆ ಜೀವಕೋಶಗಳು, ಪ್ರತಿ ಜೀವಕೋಶದೊಳಗೆ ಒತ್ತೊತ್ತಾಗಿ ಅಕ್ಕಿಕಾಳಿನಂಥವು. "ಕಿಡ್ನಿ ದಿನಕ್ಕೆ ನೂರ ಎಂಬತ್ತು ಲೀಟರು ನೀರನ್ನ ರಕ್ತದಿಂದ ಸೋಸುತ್ತೆ. ಎಷ್ಟು ಉಚ್ಚೆ ಆಗುತ್ತೆ? ಒಂದೂವರೆ ಲೀಟರು. ಮಿಕ್ಕಿದ್ದೆಲ್ಲ, ಉಪ್ಪು ಸಮೇತ, ಈ ನಳಿಕೆ ವಾಪಸ್ ಎಳೆದುಕೊಳ್ಳುತ್ತೆ. ಅಷ್ಟು ಎಳೆಯೋಕೆ ಶಕ್ತಿ ಬೇಕಲ್ಲ? ಅದು ಈ ಕಾಳುಗಳಿಂದ. ಮೈಟೊಕಾಂಡ್ರಿಯ ಅಂತ. ಪುಟ್ಟ ಪುಟ್ಟ ಒಲೆಗಳು ಅಂದ್ಕೊಳ್ಳಿ. ಆಮ್ಲಜನಕ ಬಂದರೆ ಉರಿಯುತ್ತವೆ, ಬರದಿದ್ದರೆ ಆರುತ್ತವೆ. ಬೇರೆ ಕಡೆ ಜೀವಕೋಶಗಳು ಒಲೆ ಆರಿದರೂ ಒಂದಿಷ್ಟು ಹೊತ್ತು ಹೇಗೋ ತಳ್ಳುತ್ತವೆ. ಇಲ್ಲಿನವಕ್ಕೆ ಆ ಜಾಣತನ ಇಲ್ಲವೇ ಇಲ್ಲ."

"ನನ್ನವು ಆರಿದ್ದು ಹೇಗೆ?"

"ನೀರಿಲ್ಲದೆ ರಕ್ತ ಕಡಿಮೆಯಾಯ್ತು. ಸೊಂಟಕ್ಕೆ ನುಂಗಿದ ಮಾತ್ರೆ, ಕಿಡ್ನಿಗೆ ರಕ್ತ ಬರೋ ಬಾಗಿಲನ್ನೇ ಕಿರಿದು ಮಾಡ್ತು. ಒಲೆಗಳು ಉಸಿರುಕಟ್ಟಿ ಊದಿಕೊಂಡವು, ತುಂಡಾದವು. ಆರುವಾಗ ಸುಮ್ಮನೆ ಆರಲ್ಲ, ಕಿಡಿ ಕಾರುತ್ತವೆ. ಆ ಕಿಡಿಗೆ ಪಕ್ಕದ ಒಲೆಗಳೂ ಕೆಡುತ್ತವೆ."

"ಅಂದ್ರೆ ಎಲ್ಲ ಸತ್ತುಹೋಯ್ತಾ?"

"ಅದೇ ಸ್ವಾರಸ್ಯ. ಸತ್ತ ಜೀವಕೋಶ ಕೆಲವೇ. ಮಿಕ್ಕವು ಮೂರ್ಛೆ ಹೋಗಿವೆ. ಎಳೆದುಕೊಳ್ಳೋ ಕೆಲಸ ನಿಂತಿದೆ ಅಂತ ಗೊತ್ತಾದ ತಕ್ಷಣ ಕಿಡ್ನಿ ಮೇಲಿನ ಸೋಸೋ ಬಾಗಿಲನ್ನೇ ಮುಚ್ಚಿಬಿಡುತ್ತೆ. ಮುಚ್ಚದೆ ಇದ್ದಿದ್ರೆ ನಿಮ್ಮ ಮೈಯ ನೀರೆಲ್ಲ ಒಂದೇ ದಿನದೊಳಗೆ ಈ ಚೀಲಕ್ಕೆ ಇಳಿದಿರೋದು. ಉಚ್ಚೆ ಬರ್ತಿಲ್ಲ ಅಂತ ನೀವು ಕಿಡ್ನಿಯನ್ನ ಬೈಕೊಳ್ತಿದೀರಿ. ಅದು ನಿಮ್ಮನ್ನ ಕಾಪಾಡೋಕೆ ಬಾಗಿಲು ಹಾಕ್ಕೊಂಡು ಕೂತಿದೆ."

ರಾಯರು ಚೀಟಿಯನ್ನೇ ನೋಡುತ್ತಿದ್ದರು. ಬಾಯ್ಲರಿನಲ್ಲಿ ನೀರು ತಳ ಕಂಡರೆ ಬೆಂಕಿ ತಾನಾಗಿ ಆರಿ, ಎಲ್ಲ ಲಾಕ್ ಆಗಿ ನಿಲ್ಲುತ್ತದೆ. ಆಗ ಗಾಬರಿಬಿದ್ದ ಹೊಸಬರು ಮಾಡುವ ತಪ್ಪೊಂದಿದೆ: ಕಾದು ಕೆಂಪಾದ ಬರಿ ಬಾಯ್ಲರಿಗೆ ತಣ್ಣೀರು ಬಿಡುವುದು. ನೀರು ಒಮ್ಮೆಲೇ ಹಬೆಯಾಗಿ ಮಾಡು ಹಾರುತ್ತದೆ, ಮಾಡಿನ ಕೆಳಗಿದ್ದವರೂ ಹಾರುತ್ತಾರೆ. ಹಾಗೆ ಮಾಡಹೊರಟ ಇಬ್ಬರ ಕೆನ್ನೆಗೆ ರಾಯರು ತಮ್ಮ ಕೈಯಾರೆ ಬಾರಿಸಿದ್ದರು. ನಿನ್ನೆ ಮಧ್ಯಾಹ್ನ ಅದೇ ತಪ್ಪನ್ನು ಎರಡು ಬಾಟಲಿಯಲ್ಲಿ ಕುಡಿದು ಮುಗಿಸಿದ್ದರು. ಯಾರ ಕೆನ್ನೆಗೆ ಬಾರಿಸುವುದು? ಮಾಡಿದ್ದುಣ್ಣೋ ಮಹರಾಯ.

"ಮತ್ತೆ ಹೊತ್ತಿಸೋದು ಹೇಗಮ್ಮ?"

"ಹೊತ್ತಿಸೋ ಔಷಧ ಇನ್ನೂ ಯಾರ ಹತ್ರನೂ ಇಲ್ಲ. ಜೀವಕೋಶಗಳು ಕೆಟ್ಟ ಒಲೆಗಳನ್ನ ತಾವೇ ತಿಂದು ಹಾಕಿ, ಹೊಸದು ಕಟ್ಟಿಕೊಳ್ಳಬೇಕು. ನಾವು ಅಡ್ಡ ಬರದೆ ಕಾಯಬೇಕು. ಇನ್ನೊಂದು ಮಾತು. ನಿನ್ನೆ ಯಂತ್ರದಲ್ಲಿ ಬಿ.ಪಿ. ಬಿತ್ತಲ್ಲ, ಹಾಗೆ ಬಿದ್ದಾಗ ಎಳೇ ಒಲೆಗಳು ಮತ್ತೆ ಆರಬಹುದು. ಬೇಕೇ ಬೇಕಾದರೆ ಯಂತ್ರಕ್ಕೆ ಹಾಕ್ತೀನಿ, ಜೀವ ಮುಖ್ಯ. ಆದರೆ ಬೇಕಾಗೋ ಹಾಗೆ ನೀವು ಮಾಡಬೇಡಿ."

ಅಂದಿನಿಂದ ಹಬೆರಾಯರ ಮಹಾಯುದ್ಧ ಶುರುವಾಯಿತು. ಶತ್ರು ನೀರು, ರಣರಂಗ ಒಂದು ಲೋಟ. ಏಳುನೂರು ಮಿಲಿಯನ್ನು ಔಷಧದ ಮುಚ್ಚಳದಲ್ಲಿ ಅಳೆದು, ಬೆಳಗಿನಿಂದ ಸಂಜೆಯವರೆಗೆ ಹಂಚಿಕೊಂಡರು. ಪಕ್ಕದ ಕೋಣೆಯಲ್ಲಿ ಯಾರೋ ನಲ್ಲಿ ತಿರುಗಿಸಿದರೆ ಕಿವಿ ನಿಮಿರುತ್ತಿತ್ತು. ಐದನೆಯ ದಿನ ಚೀಲಕ್ಕೆ ಇಳಿದದ್ದು ಇಡೀ ದಿನಕ್ಕೆ ಎಪ್ಪತ್ತು ಮಿಲಿ. ಆರನೆಯ ದಿನ ತೊಂಬತ್ತು. ಏಳನೆಯ ದಿನ ಮತ್ತೆ ಎಪ್ಪತ್ತೈದು. ಹೆಂಡತಿ ಆ ಸಂಖ್ಯೆ ಓದಿ ಡೈರಿ ಮುಚ್ಚಿಟ್ಟಳು. ಕಾಲು ಊದಿತ್ತು. ರಕ್ತದಲ್ಲಿ ಪೊಟ್ಯಾಶಿಯಂ ಮೆಲ್ಲಗೆ ಏರುತ್ತಿತ್ತು. ಅದು ಇನ್ನೂ ಏರಿದರೆ ಹೃದಯ ನಿಲ್ಲಬಹುದು ಎಂದು ಡಾಕ್ಟರಮ್ಮ ಸುತ್ತಿ ಬಳಸದೆ ಹೇಳಿದ್ದಳು.

ಎಂಟನೆಯ ದಿನ ಬೆಳಗ್ಗೆ ಅವಳು ಬಂದಳು. "ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ರಕ್ತ ತೆಗೀತೀವಿ. ಪೊಟ್ಯಾಶಿಯಂ ಆರೂವರೆ ಮುಟ್ಟಿದರೆ, ಇಲ್ಲಾ ಉಸಿರು ಕಟ್ಟಿದರೆ, ನಾಲ್ಕಕ್ಕೆ ಯಂತ್ರ. ಈಗ ಆರು ಪಾಯಿಂಟ್ ಒಂದಿದೆ" ಎಂದು ಹೇಳಿ, ಅದನ್ನು ಇಳಿಸುವ ಪುಡಿಯನ್ನು ನರ್ಸಮ್ಮನ ಕೈಗೆ ಕೊಟ್ಟು ಹೋದಳು.

ಹನ್ನೊಂದರ ಫಲಿತಾಂಶ: ಆರು ಪಾಯಿಂಟ್ ಮೂರು.

ಹನ್ನೆರಡಕ್ಕೆ ಭಾವಮೈದ ಬಂದ. ಐದು ದಿನ ಮುಖ ತೋರಿಸಿರಲಿಲ್ಲ. ಗಡ್ಡ ಬೆಳೆದಿತ್ತು. ಅಕ್ಕ ಕೆಳಗೆ ಔಷಧಿ ತರಲು ಹೋಗಿದ್ದಳು. ಅವನು ಬಾಗಿಲು ಮುಂದೆ ಮಾಡಿ, ಅಂಗಿಯೊಳಗಿನಿಂದ ಒಂದು ಫ್ಲಾಸ್ಕು ತೆಗೆದ.

"ಭಾವ, ಇದು ನೀರಲ್ಲ. ಯಾರೋ ಬೇರು ಕುದಿಸಿ ಕೊಟ್ಟಿದಾರೆ. ಕಲ್ಲನ್ನೂ ಕರಗಿಸುತ್ತಂತೆ. ಎರಡೇ ಲೋಟ."

"ನನ್ನಲ್ಲಿ ಕಲ್ಲಿಲ್ವೋ."

"ಏನಿದೆಯೋ ಅದನ್ನ ಕರಗಿಸುತ್ತೆ."

"ಇರೋದನ್ನೇ ಕರಗಿಸಿಬಿಟ್ರೆ ನಿಮ್ಮಕ್ಕನಿಗೆ ಏನು ಉಳಿಯುತ್ತೆ?"

ಭಾವಮೈದ ನಗಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. ಹಬೆಯಾಡಿತು. ಅದು ಬೇರೋ ನಾರೋ, ರಾಯರಿಗೆ ಕಂಡದ್ದು ನೀರು. ಗಂಟಲು ತಾನಾಗಿಯೇ ಒಮ್ಮೆ ನುಂಗಿತು. ಕೈ ಹೊದಿಕೆಯ ಮೇಲಿಂದ ಎದ್ದು ಅರ್ಧ ದಾರಿ ಹೋಯಿತು. ಆ ಕೈಯನ್ನು ಅವರು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದರು, ಬೇರೆಯವರ ಮಗುವಿನ ಕೈ ಹಿಡಿದಂತೆ.

"ಮುಚ್ಚು ಅದನ್ನ."

"ಭಾವ, ನಾಲ್ಕಕ್ಕೆ ಯಂತ್ರ ಅಂತೆ. ಅಕ್ಕ ಫೋನಲ್ಲಿ ಅಳ್ತಿದ್ಲು. ಅವತ್ತು ನಾನು ಕುಡಿಸಿದ್ದಕ್ಕೇ..." ಕೊಳಾಯಿಯವನ ಕಣ್ಣೇ ಸೋರುತ್ತಿತ್ತು.

"ಕುಡಿಸಿದೋನು ನೀನು, ಕುಡಿದೋನು ನಾನು. ನಿನಗಾದ್ರೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು." ರಾಯರು ಉಸಿರು ತೆಗೆದುಕೊಂಡರು. "ಕೇಳಿಲ್ಲಿ. ಇದು ಮೋರಿ ಅಲ್ಲ. ಒಳಗೆ ಒಲೆ ಆರಿವೆ. ಹೊಸ ಒಲೆ ಕಟ್ಟಿಕೊಳ್ತಾ ಇರಬಹುದು, ಇಲ್ಲದೆ ಇರಬಹುದು, ಯಾರಿಗೂ ಕಾಣಲ್ಲ. ಈಗ ನೀನು ಎರಡು ಲೋಟ ಸುರಿದರೆ ನನಗೆ ಉಸಿರು ಕಟ್ಟುತ್ತೆ. ಆ ಬೇರಿನ ರಸದಲ್ಲಿ ಪೊಟ್ಯಾಶಿಯಂ ಇದ್ರೆ ಅದೂ ಏರುತ್ತೆ. ಯಂತ್ರಕ್ಕೆ ಹಾಕ್ತಾರೆ. ಬಿ.ಪಿ. ಬೀಳುತ್ತೆ. ಕಟ್ಟಿಕೊಂಡಿದ್ದೂ ಆರುತ್ತೆ. ಅದನ್ನ ಸಿಂಕಿಗೆ ಸುರಿದು ಬಾ."

ಭಾವಮೈದ ಸುರಿದು ಬಂದ. ಏನು ಮಾಡಬೇಕೆಂದು ತಿಳಿಯದೆ ಮಂಚದ ಪಕ್ಕ ನಿಂತ. ಕೆಲಸವಿಲ್ಲದ ಕೈ ಅವನಿಗೆ ಹಲ್ಲುನೋವಿನಂತೆ.

"ಹತ್ತಿ ಒದ್ದೆ ಮಾಡಿ ತುಟಿಗೆ ಹಚ್ಚು" ಎಂದರು ರಾಯರು. "ಹಿಂಡಿ ಹಚ್ಚು, ಹನಿ ಬೀಳಬಾರದು. ಯಾರಾದರೂ ನೀರು ಹಿಡಿದು ಬಂದರೆ ನಿನ್ನ ಸ್ಪ್ಯಾನರ್ ತೋರಿಸು. ನಿಮ್ಮಕ್ಕ ಬಂದರೂ ಸರಿಯೇ."

ಅವನು ಹಚ್ಚಿದ. ಕಬ್ಬಿಣದ ಕೊಳವೆಗೆ ತಿರುಪಿನ ಸುತ್ತು ಕೊರೆಯುವ ಆ ದಪ್ಪ ಬೆರಳುಗಳು ಇಷ್ಟು ಹಗುರಾಗಿ ಮುಟ್ಟಬಲ್ಲವೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಹೆಂಡತಿ ಬಂದಳು. ತಮ್ಮನನ್ನು ನೋಡಿದಳು, ಖಾಲಿ ಫ್ಲಾಸ್ಕು ನೋಡಿದಳು, ಮುಖ ಬಿಳುಪೇರಿತು.

"ಸಿಂಕಿಗೆ ಹೋಯ್ತು ಕಣೇ" ಎಂದರು ರಾಯರು. ಅವಳು ಸಿಂಕಿನವರೆಗೆ ಹೋಗಿ, ಬಗ್ಗಿ ಮೂಸಿ ನೋಡಿ ಬಂದಮೇಲೆಯೇ ನಂಬಿದಳು.

ಒಂದು ಗಂಟೆಗೆ ಚೀಲದಲ್ಲಿ ಒಂಬತ್ತು ಮಿಲಿ. ಎರಡಕ್ಕೆ ಇಪ್ಪತ್ತೆರಡು. ರಾಯರು ಬರೆಯುವ ಮುನ್ನ ಮೂರು ಸಲ ನೋಡಿದರು. ಭಾವಮೈದ ನೆಲಕ್ಕೆ ಕೂತು, ಕಣ್ಣು ಗೆರೆಗೆ ಸಮ ಮಾಡಿ, "ಇಪ್ಪತ್ತಮೂರು ಹೇಳಬಹುದು ಭಾವ" ಎಂದ.

"ಇಪ್ಪತ್ತೆರಡು. ಪುಸ್ತಕದಲ್ಲಿ ಆಸೆ ಬರೆಯಬಾರದು."

ಮೂರಕ್ಕೆ ರಕ್ತ ತೆಗೆದುಕೊಂಡು ಹೋದರು. ಆ ಗಂಟೆ ಮೂವತ್ತೈದು ಮಿಲಿ. ಬಣ್ಣ ತುಸು ತಿಳಿಯಾಗಿತ್ತೋ, ಕಿಟಕಿಯ ಬೆಳಕೋ, ಹೇಳುವಂತಿರಲಿಲ್ಲ. ಕಾರಿಡಾರಿನಲ್ಲಿ ಡಯಾಲಿಸಿಸ್ ಕೋಣೆಗೆ ಒಯ್ಯುವ ಗಾಲಿಮಂಚ ಬಂದು ನಿಂತಿತು. ತಳ್ಳುವವನು ಬಾಗಿಲಲ್ಲಿ ತಲೆ ಹಾಕಿ, "ರೆಡಿನಾ?" ಎಂದ. ಹೆಂಡತಿ ಗಂಡನ ಕಾಲಿನ ಊತವನ್ನು ಹೆಬ್ಬೆರಳಿಂದ ಒತ್ತುತ್ತ ಕೂತಿದ್ದಳು. ಒತ್ತಿದ ಕಡೆ ಗುಳಿ ಬೀಳುತ್ತಿತ್ತು, ಅದು ತುಂಬುವ ತನಕ ಕಾದು ಮತ್ತೆ ಒತ್ತುತ್ತಿದ್ದಳು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಡಾಕ್ಟರಮ್ಮ ಚೀಟಿ ಹಿಡಿದು ಬಂದಳು. ಚೀಟಿಯ ವಿಷಯ ಎತ್ತದೆ, ಮೊದಲು ಬಗ್ಗಿ ಚೀಲ ನೋಡಿದಳು. ಡೈರಿ ಕೇಳಿ ತೆಗೆದುಕೊಂಡು ಬೆರಳಿಟ್ಟು ಓದಿದಳು.

"ಆರು ಪಾಯಿಂಟ್ ಎರಡು" ಎಂದಳು. "ಇಳಿದಿದೆ ಅಂತ ಹೇಳಲ್ಲ. ಏರೋದು ನಿಂತಿದೆ. ಗಾಲಿಮಂಚ ವಾಪಸ್ ಕಳಿಸಿ. ನಾಳೆ ಬೆಳಗ್ಗೆವರೆಗೆ ನೋಡೋಣ."

ಮರುದಿನ ಬೆಳಗ್ಗೆಗೆ ಒಂಬೈನೂರು ಮಿಲಿ ಬಂದಿತ್ತು. ಅದರ ಮರುದಿನ ಎರಡೂವರೆ ಲೀಟರು. ಹನ್ನೊಂದನೆಯ ದಿನ ಆಣೆಕಟ್ಟಿನ ಬಾಗಿಲು ತೆರೆದಂತೆ ನಾಲ್ಕು ಲೀಟರು ದಾಟಿತು. ಭಾವಮೈದ ವಾರ್ಡಿನಲ್ಲೆಲ್ಲ ಸುದ್ದಿ ಹಂಚಿ ಬಂದ. ರಾಯರು ಮಾತ್ರ ಬೆವರಿದರು.

"ಇದೇನಮ್ಮ ಇಷ್ಟು? ಈಗ ನಿಲ್ಲದೇ ಹೋದ್ರೆ?"

"ಬಾಗಿಲು ತೆರೆದಿದೆ, ಒಲೆಗಳು ಇನ್ನೂ ಎಳೆಯವು. ಎಲ್ಲವನ್ನೂ ವಾಪಸ್ ಎಳೆಯೋ ಶಕ್ತಿ ಬರೋಕೆ ಕೆಲವು ದಿನ ಬೇಕು" ಎಂದಳು ಡಾಕ್ಟರಮ್ಮ. "ಈಗ ನಿಯಮ ಬದಲು. ಹೋದಷ್ಟನ್ನೂ ತುಂಬಿಸಬೇಕು. ಕುಡಿಯಿರಿ. ಮತ್ತೆ ನಿಮಗೆ ಇನ್ನೊಂದು ವಿಷಯ ಗೊತ್ತಿರಲಿ. ಎಲ್ಲ ಒಲೆಗಳೂ ವಾಪಸ್ ಬರಲ್ಲ. ನೂರಕ್ಕೆ ಎಪ್ಪತ್ತು ಬಂದರೆ ನೀವು ಗೆದ್ದಂತೆ. ಆ ನೋವಿನ ಮಾತ್ರೆಯನ್ನ ಇನ್ನು ಈ ಜನ್ಮದಲ್ಲಿ ಮುಟ್ಟಬಾರದು. ಕೆಲಸಕ್ಕೆ ಹೋಗಬಹುದು. ಗಂಟೆಗೊಂದು ಲೋಟ ನೀರು ಕುಡಿದು, ಬೇಕಾದಾಗ ಎದ್ದು ಹೋಗೋದಾದ್ರೆ ಮಾತ್ರ."

"ಬೆಂಕಿ ಇರುವಾಗ ಏಳೋ ಹಾಗಿಲ್ಲಮ್ಮ."

"ಹಾಗಾದ್ರೆ ಶೌಚಾಲಯವನ್ನ ಪಕ್ಕದಲ್ಲೇ ಕಟ್ಟಿಸಿಕೊಳ್ಳಿ."

ಬಾಯ್ಲರ್ ಕುಲದ ಅಷ್ಟು ತಲೆಮಾರುಗಳಲ್ಲಿ ಇದು ಒಬ್ಬರಿಗೂ ಹೊಳೆದಿರಲಿಲ್ಲ. ಭಾವಮೈದ ಮೆಲ್ಲಗೆ ಜೇಬಿನಿಂದ ಅಳತೆ ಟೇಪು ತೆಗೆದು, ಹೆಬ್ಬೆರಳಿನಿಂದ ಎಳೆದು ಬಿಟ್ಟ.

"ಮಾಡಿನ ಹಿಂದೆ ನಾಲ್ಕಡಿ ಜಾಗ ಇದೆ ಭಾವ. ಒಂದು ವಾರದ ಕೆಲಸ. ಮ್ಯಾನೇಜರ್ ಹತ್ರ ಅಕ್ಕ ಮಾತಾಡಲಿ."

"ಮಾತಾಡ್ತೀನಿ" ಎಂದಳು ಹೆಂಡತಿ. "ಇಸ್ತ್ರಿ ವಿಭಾಗದೋರೆಲ್ಲ ಸೇರಿ ಮಾತಾಡ್ತೀವಿ. ಮೊದಲು ಇದು ಕುಡೀರಿ."

ಅವಳು ಹೂಜಿ ಬಗ್ಗಿಸಿ ದೊಡ್ಡ ಲೋಟ ತುಂಬಿ ಕೊಟ್ಟಳು. ರಾಯರು ಎರಡೂ ಕೈಯಲ್ಲಿ ಹಿಡಿದು ಡಾಕ್ಟರಮ್ಮನ ಮುಖ ನೋಡಿದರು. ಅವಳು ತಲೆಯಾಡಿಸಿದ ಮೇಲೂ ಮೊದಲ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತರು, ಆಮೇಲೆ ನುಂಗಿದರು.